38 ಗೊದ್ದ, 12 ಕೋಣೆ: ಮನೆ ಬದಲಿಸೋದು ಯಾವಾಗ?

ಪ್ರಶ್ನೆ: ನಮ್ಮದು ಚಿತ್ರದುರ್ಗ. ಹೋದ ಜೂನ್‌ನಲ್ಲಿ ಒಳ್ಳೆ ಮಳೆ ಬಂದ ಸಂಜೆ ಚಳ್ಳಕೆರೆ ಗೇಟ್ ಹತ್ತಿರ ಬೀದಿ ದೀಪದ ಕೆಳಗೆ ರೆಕ್ಕೆ ಉದುರಿಸಿಕೊಂಡ ದೊಡ್ಡ ಗೊದ್ದವೊಂದು, ಅಂದರೆ ಕಪ್ಪು ಕಟ್ಟಿರುವೆ, ಓಡಾಡುತ್ತಿತ್ತು. ಎಂಟನೇ ಕ್ಲಾಸಿನ ನನ್ನ ಮಗಳು ಅದು ರಾಣಿ ಎಂದು ಗುರುತಿಸಿ, ಟೆಸ್ಟ್ ಟ್ಯೂಬಿನ ತಳದಲ್ಲಿ ನೀರು, ಅದಕ್ಕೆ ತಡೆಯಾಗಿ ಹತ್ತಿ, ಬಾಯಿಗೆ ಇನ್ನೊಂದು ಹತ್ತಿ ಇಟ್ಟು ಸಾಕಲು ಶುರು ಮಾಡಿದಳು. ಈಗ 38 ಗೊದ್ದಗಳಿವೆ. ಟ್ಯೂಬ್ ಆರು ಇಂಚಿನದು, ಒಳಗೆ ನೀರು ಅರ್ಧ ಇಂಚು ಉಳಿದಿದೆ. ಯಾರ ಕೈಗೂ ಸಿಗದಿರಲಿ ಎಂದು ಫ್ರಿಜ್ ಮೇಲೆ ಇಟ್ಟಿದ್ದೇವೆ. ನನ್ನ ಭಾಮೈದ ಆನ್‌ಲೈನ್‌ನಲ್ಲಿ 12 ಕೋಣೆಗಳ ಅಕ್ರಿಲಿಕ್ ಗೂಡು ತರಿಸಿಕೊಟ್ಟಿದ್ದಾನೆ. ಹೋದ ಭಾನುವಾರ ಟ್ಯೂಬನ್ನು ಅದರ ಬಾಯಿಗೆ ಹಿಡಿದು ತಟ್ಟಿದೆವು. ನಾಲ್ಕೈದು ಹೊರಗೆ ಬಿದ್ದವು, ಉಳಿದವು ಹತ್ತಿ ಕಚ್ಚಿಕೊಂಡು ಕೂತವು. ಹೆದರಿ ನಿಲ್ಲಿಸಿದೆವು. ಮಾರನೇ ದಿನ ನೋಡಿದರೆ ಮೊಟ್ಟೆಯ ಗುಪ್ಪೆ ಅರ್ಧ ಆಗಿತ್ತು, ರಾಣಿಯೇ ತಿನ್ನುತ್ತಿತ್ತು! ಕೆಲವರು ಹತ್ತು ಇರುವೆ ಆದ ಕೂಡಲೇ ಗೂಡು ಬದಲಿಸಿ ಅಂತಾರೆ, ಇನ್ನು ಕೆಲವರು ನೂರು ಆಗಲಿ ಅಂತಾರೆ. ದೊಡ್ಡ ಗೂಡಿಗೆ ಹಾಕಿದರೆ ಬೇಗ ಬೆಳೆಯುತ್ತವೆ, ತುಂಬದಿದ್ದರೆ ಇನ್ನೊಂದು ರಾಣಿ ತಂದು ಬಿಡೋಣ ಅನ್ನುವುದು ಭಾಮೈದನ ಲೆಕ್ಕ. ಹತ್ತಿ ಮುಚ್ಚಿ ಉಸಿರು ಕಟ್ಟಿಸ್ತಿದೀರಿ ಅಂತ ನಮ್ಮ ಅವ್ವ ಬೈಯುತ್ತಾಳೆ. ಬಿಟ್ಟರೆ ಅಡುಗೆಮನೆಗೆ ಬರ್ತಾವೆ ಅಂತಲೂ ಅವಳೇ ಹೆದರುತ್ತಾಳೆ. ಏನು ಮಾಡಲಿ?

ಉತ್ತರ: ಮೊದಲು ಮಗಳಿಗೆ ನನ್ನ ಕಡೆಯಿಂದ ಶಾಬಾಸ್ ಹೇಳಿ. ಮಳೆ ಬಿದ್ದ ಸಂಜೆ ಹಾರುವ ರಾಣಿಗಳಲ್ಲಿ ಹೆಚ್ಚಿನವು ಅದೇ ರಾತ್ರಿ ಹಲ್ಲಿ, ಕಪ್ಪೆ, ಬೇರೆ ಇರುವೆಗಳ ಪಾಲಾಗುತ್ತವೆ. ಉಳಿದ ಒಂದನ್ನು ತಂದು ಒಂಬತ್ತು ತಿಂಗಳಲ್ಲಿ 38ರ ಸಂಸಾರ ಮಾಡಿರುವುದು ಸಣ್ಣ ಕೆಲಸ ಅಲ್ಲ.

ನಿಮ್ಮ ಪತ್ರದಲ್ಲಿ ಎರಡು ಚಿಂತೆ ಒಂದಕ್ಕೊಂದು ಸುತ್ತಿಕೊಂಡಿವೆ. ಟ್ಯೂಬ್ ಚಿಕ್ಕದಾಯಿತಾ ಅನ್ನೋದು ಒಂದು. ತಟ್ಟಿ ಕೆಡಿಸಿಬಿಟ್ಟೆವಾ ಅನ್ನೋದು ಇನ್ನೊಂದು. ಎರಡನೆಯದಕ್ಕೆ ಈಗಲೇ ಉತ್ತರ ಹೇಳಿಬಿಡುತ್ತೇನೆ: ಕೆಟ್ಟಿಲ್ಲ. ಮೊದಲನೆಯದಕ್ಕೆ, ಹೌದು, ಮನೆ ಬದಲಿಸಬೇಕು, ಈ ತಿಂಗಳೇ ಬದಲಿಸಬೇಕು. ಆದರೆ ಆ 12 ಕೋಣೆಯ ಬಂಗಲೆಗೆ ಬೇಡ. ಬದಲಿಸಲು ಕಾರಣವೂ 38 ಅನ್ನುವ ಸಂಖ್ಯೆ ಅಲ್ಲ. ನೀವು ನಡುವೆ ಒಂದು ಮಾತಲ್ಲಿ ಹೇಳಿ ಮುಂದೆ ಹೋದಿರಲ್ಲ, ಅರ್ಧ ಇಂಚು ನೀರು ಅಂತ, ಅದು.

ಇರುವೆ ಸಾಕುವ ವಿಡಿಯೊಗಳಲ್ಲಿ ಬಹುಪಾಲು ಚಳಿದೇಶದವರದು. ಅವರಿಗೆ ಟ್ಯೂಬಿನ ನೀರು ತಿಂಗಳುಗಟ್ಟಲೆ ಬರುತ್ತೆ. ಅದಕ್ಕೇ ಅವರು ಜಾಗದ ಮಾತು ಆಡುತ್ತಾರೆ. ನಮ್ಮಲ್ಲಿ ಶಿವರಾತ್ರಿಗೆ ಚಳಿ ಶಿವಶಿವಾ ಅಂತ ಓಡಿಹೋಗುತ್ತೆ. ಆಮೇಲೆ ದಾವಣಗೆರೆ, ಚಿತ್ರದುರ್ಗದ ಒಣ ಗಾಳಿ ಹತ್ತಿಯೊಳಗಿನ ಪಸೆಯನ್ನೂ ಬಿಡದೆ ಹೀರುತ್ತೆ. ದಾವಣಗೆರೆಯ ನನ್ನ ಮನೆಯಲ್ಲಿ, ಒಂದೇ ಬೀರುವಿನಲ್ಲಿ, ನವೆಂಬರ್‌ನಲ್ಲಿ ಇಟ್ಟ ಟ್ಯೂಬಿನ ನೀರು ಫೆಬ್ರವರಿವರೆಗೆ ಬಂದಿದೆ. ಏಪ್ರಿಲ್‌ನಲ್ಲಿ ಇಟ್ಟದ್ದು ತಿಂಗಳೊಳಗೆ ಖಾಲಿ. ಜಾಗ ಸಾಲದೆ ಸತ್ತ ಗೊದ್ದಗಳನ್ನು ನಾನು ನೋಡಿಲ್ಲ. ಹತ್ತಿ ಒಣಗಿ ಸತ್ತ ಸಂಸಾರಗಳನ್ನು ನೋಡಿದ್ದೇನೆ. ಮೊಟ್ಟೆ, ಮರಿಗಳ ಚರ್ಮ ಬಹಳ ತೆಳು, ಪಸೆ ಇಲ್ಲದಿದ್ದರೆ ಸುಕ್ಕುಗಟ್ಟುತ್ತವೆ. ದೊಡ್ಡವು ಕುಡಿಯುವುದೂ ಆ ಹತ್ತಿಯಿಂದಲೇ. ನೀರಿನ ಬೆಲೆಯನ್ನು ನಿಮ್ಮ ಜಿಲ್ಲೆಯವರಿಗೆ ನಾನು ಹೇಳಿಕೊಡಬೇಕಾ? 1933ರಲ್ಲಿ ಕೋಡಿ ಬಿದ್ದ ಮಾರಿಕಣಿವೆ ಮತ್ತೆ ಕೋಡಿ ಬೀಳಲು 2022ರವರೆಗೆ ಕಾದವರು ನೀವು.

ಹತ್ತಾ, ನೂರಾ ಅನ್ನುವ ಜಗಳಕ್ಕೆ ಬರೋಣ. ಇಬ್ಬರೂ ಅವರವರ ಇರುವೆ ನೋಡಿ ಹೇಳಿದ್ದಾರೆ, ಅಷ್ಟೆ. ಅಡುಗೆಮನೆ ಸಕ್ಕರೆ ಡಬ್ಬಿಗೆ ಮುತ್ತುವ ಸಣ್ಣ ಇರುವೆಗಳು 38 ಇದ್ದರೆ ನಿಮ್ಮ ಟ್ಯೂಬಿನ ಒಂದು ಮೂಲೆಯಲ್ಲಿ ಎಳ್ಳು ಚೆಲ್ಲಿದ ಹಾಗೆ ಕಾಣುತ್ತಿದ್ದವು. ನಿಮ್ಮವು ಗೊದ್ದ. ರಾಣಿಯೇ ಒಂದೂವರೆ ಸೆಂಟಿಮೀಟರ್ ದಾಟುತ್ತೆ. ಆರು ಇಂಚಿನ ಟ್ಯೂಬುಗಳು ಸಾಮಾನ್ಯವಾಗಿ ಇರುವುದು 16 ಮಿಲಿಮೀಟರ್ ಅಗಲ. ಅದರಲ್ಲಿ ರಾಣಿ ತಿರುಗಿಕೊಳ್ಳುವುದನ್ನು ಒಮ್ಮೆ ಗಮನಿಸಿ. ಓಣಿಯಲ್ಲಿ ಲಾರಿ ತಿರುಗಿಸಿದ ಹಾಗೆ ಇರುತ್ತೆ. ಹಾಗಾಗಿ ಎಣಿಸುವುದಕ್ಕಿಂತ ನೋಡುವುದು ಮುಖ್ಯ. ಮಧ್ಯಾಹ್ನ, ಅವು ಸುಮ್ನೆ ಕೂತಿರುವ ಹೊತ್ತಿನಲ್ಲಿ ಮುಚ್ಚಿದ ಕಾಗದ ನಿಧಾನಕ್ಕೆ ಸರಿಸಿ ನೋಡಿ. ಎಲ್ಲವೂ ಒದ್ದೆ ಹತ್ತಿಯ ಹತ್ತಿರ ಗುಂಪಾಗಿದ್ದು, ಬಾಯಿಯ ಕಡೆ ಅರ್ಧ ಟ್ಯೂಬ್ ಖಾಲಿ ಇದ್ದರೆ ಜಾಗ ಸಾಕಷ್ಟಿದೆ. ಗೋಡೆಯ ಮೇಲೂ, ಕೆಳಗೂ, ಬಾಯಿಯ ಹತ್ತಿಯ ತನಕವೂ ಗೊದ್ದ ಕೂತಿದ್ದರೆ, ಮರಿಗಳನ್ನು ಒಣ ಕಡೆ ಇಟ್ಟಿದ್ದರೆ ಮನೆ ತುಂಬಿದೆ. ಬಾಯಿಯ ಹತ್ತಿಯನ್ನು ಕಚ್ಚಿ ಎಳೆಯುವುದನ್ನು ಕಂಡು ಹಲವರು ಇವಕ್ಕೆ ಜಾಗ ಬೇಕು ಅಂದುಕೊಳ್ಳುತ್ತಾರೆ. ಎಷ್ಟೋ ಸಲ ಅದು ಬರೀ ಹಸಿವು. ಜೇನು ನೀರು ಒಂದು ಹನಿ, ಕಾಲು ಮುರಿದ ಜಿರಳೆ ಮರಿ ಒಂದು ಕೊಟ್ಟು ಎರಡು ದಿನ ನೋಡಿ. ಹೊಟ್ಟೆ ತುಂಬಿದ ಮೇಲೂ ಕಿತ್ತುತ್ತಲೇ ಇದ್ದರೆ ಆಗ ಜಾಗದ ಯೋಚನೆ ಮಾಡಿ.

ಭಾಮೈದನ ದೊಡ್ಡ ಗೂಡಿನ ಲೆಕ್ಕ ಬಹಳ ಜನರ ಲೆಕ್ಕ. ಒಂದು ಕಾಲಕ್ಕೆ ನನ್ನದೂ ಅದೇ ಆಗಿತ್ತು. ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಪಾಠ ಮಾಡಲು ಸೇರಿದ ಹೊಸದು. ಪಿಒಪಿ ತಂದು, ಟ್ರೇಗೆ ಸುರಿದು, ಚಮಚದಲ್ಲಿ ಕೆತ್ತಿ, ಮೇಲೆ ಗಾಜು ಮುಚ್ಚಿ ಎಂಟು ಕೋಣೆಯ ಗೂಡು ಮಾಡಿದ್ದೆ. ನೋಡಲು ಬಲು ಚಂದ. 15 ಗೊದ್ದ ಇದ್ದ ಸಂಸಾರವನ್ನು ಅದಕ್ಕೆ ಬಿಟ್ಟೆ. ಅವು ಒಂದು ಮೂಲೆಯಲ್ಲಿ ಮುದುಡಿ ಕೂತವು. ಒಂದು ಕೋಣೆ ರಾಣಿಗೆ, ಅದರ ಪಕ್ಕದ್ದು ಹಾಳು, ಆಚೆಯದು ತಿಪ್ಪೆ. ನಾನು ಹಾಕಿದ ಹುಳಗಳ ತಲೆ, ರೆಕ್ಕೆ, ಸತ್ತ ಗೊದ್ದ ಎಲ್ಲ ಆ ತಿಪ್ಪೆಗೆ. ಗಾಜಿನ ಕೆಳಗೆ ಕೈ ಹಾಕಿ ತೆಗೆಯೋಣ ಅಂದರೆ ಆಗಲ್ಲ. ಮೂರನೇ ವಾರಕ್ಕೆ ಬಿಳಿ ಬೂಷ್ಟು, ಆಮೇಲೆ ಬೂದಿ ಬಣ್ಣದ ಬೂಷ್ಟು, ಅದರ ಮೇಲೆ ಉಗುರು ಗೀರಿದರೆ ಕಾಣುವಂಥ ನುಸಿ. ಎರಡು ತಿಂಗಳಲ್ಲಿ ರಾಣಿ ಹೋಯಿತು. ಆ ಟ್ರೇ ಇನ್ನೂ ಅಟ್ಟದ ಮೇಲಿದೆ.

ಆಗ ನನಗೆ ತಿಳಿಯದೆ ಇದ್ದದ್ದು ಇಷ್ಟು. ಇರುವೆಗೆ ಮೈ ಗೋಡೆಗೆ ತಾಗುವಂಥ ಇಕ್ಕಟ್ಟು ಇಷ್ಟ. ಚಿಕ್ಕ ಜಾಗದಲ್ಲಿ ಪಸೆ ನಿಲ್ಲುತ್ತೆ. ಚಿಕ್ಕ ಜಾಗವಾದರೆ ಕಸವನ್ನು ಮನೆಯಿಂದ ಹೊರಗೆ ಎಸೆಯುತ್ತವೆ. ಮನೆಯೇ ದೊಡ್ಡದಾದರೆ ಅದರ ಇನ್ನೊಂದು ತುದಿಯೇ ಅವಕ್ಕೆ ಹೊರಗು. ಇನ್ನು ಬೆಳೆಯುವ ವೇಗ? ಅದು ನಿಂತಿರುವುದು ರಾಣಿಯ ಮೇಲೆ, ಕಾವಿನ ಮೇಲೆ, ಊಟದ ಮೇಲೆ, ಮರಿಗಳಿಗೆ ಉಣಿಸಲು ಎಷ್ಟು ಕೆಲಸಗಾರ ಇರುವೆಗಳಿವೆ ಅನ್ನುವುದರ ಮೇಲೆ. ಕೋಣೆ ಎಷ್ಟು ಅನ್ನುವುದರ ಮೇಲೆ ಅಲ್ಲ. ನಾಲ್ಕು ಜನರ ಮನೆಯವರು ಕಲ್ಯಾಣ ಮಂಟಪಕ್ಕೆ ವಾಸ ಹೋದರೆ ಮಕ್ಕಳು ಜಾಸ್ತಿ ಆಗ್ತಾರಾ?

ಈಗ ಮೊಟ್ಟೆ ತಿಂದ ರಾಣಿಯ ವಿಷಯ. ಮಗಳಿಗೆ ಇದು ನೋವಾಗಿರಬೇಕು. ರಾಣಿಗೆ ಮೊಟ್ಟೆ ಅಂದರೆ ಕೂಡಿಟ್ಟ ಆಹಾರವೂ ಹೌದು. ಶುರುವಿನಲ್ಲಿ, ಜೂನ್‌ನಲ್ಲಿ, ಒಂದಗುಳೂ ತಿನ್ನದೆ ತನ್ನ ಮೈಯ ಕೊಬ್ಬನ್ನೂ, ರೆಕ್ಕೆ ಆಡಿಸುತ್ತಿದ್ದ ಮಾಂಸವನ್ನೂ ಕರಗಿಸಿ ಮೊದಲ ಮರಿಗಳನ್ನು ಬೆಳೆಸಿದ್ದು ಇದೇ ರಾಣಿ. ಅಪಾಯ ಅನ್ನಿಸಿದಾಗ ಉಳಿಯದ ಮೊಟ್ಟೆಯನ್ನು ತಿಂದು ಶಕ್ತಿ ಉಳಿಸಿಕೊಳ್ಳುತ್ತೆ. ಗದ್ದಲ ನಿಂತರೆ ಮತ್ತೆ ಇಡುತ್ತೆ. ಕೋಶಗಳು, ಅಂದರೆ ಅಕ್ಕಿಕಾಳಿನ ಹಾಗೆ ಕೆನೆ ಬಣ್ಣದ ಗೂಡುಗಳು, ಹಾಗೇ ಉಳಿದಿದ್ದರೆ ಚಿಂತೆ ಬೇಡ.

ಆದರೆ ಗದ್ದಲ ಭಾನುವಾರ ಒಂದೇ ದಿನ ಆಗಿಲ್ಲ ಅನ್ನೋದು ನನ್ನ ಅನುಮಾನ. ಟ್ಯೂಬ್ ಇರುವುದು ಫ್ರಿಜ್ ಮೇಲೆ ಅಲ್ವಾ? ನಮ್ಮ ಮಾತು, ಟಿವಿ ಶಬ್ದ ಇರುವೆಗೆ ಹೆಚ್ಚೇನೂ ತಟ್ಟುವುದಿಲ್ಲ. ನೆಲದ ಅದುರು ಮಾತ್ರ ಕಾಲಿನಿಂದಲೇ ತಿಳಿಯುತ್ತೆ. ಫ್ರಿಜ್‌ನ ಕಂಪ್ರೆಸರ್ ಗಂಟೆಗೆ ಹಲವು ಸಲ ಗುರ್ ಅಂತ ಶುರುವಾಗಿ ನಿಲ್ಲುತ್ತೆ, ಮೇಲಿಂದ ಬಾಗಿಲು ಹಾಕುವಾಗ ಧಡ್. ಒಂದು ಲೋಟ ನೀರು ಫ್ರಿಜ್ ಮೇಲೆ ಇಟ್ಟು ನೋಡಿ, ನೀರಿನ ಮೇಲೆ ನಡುಕ ಕಾಣುತ್ತೆ. ಇವತ್ತೇ ಅಲ್ಲಿಂದ ತೆಗೆದು, ಯಾರೂ ದಿನಾ ತೆರೆಯದ ಬೀರುವಿನ ಕೆಳಗಿನ ಅರೆಯಲ್ಲಿ, ಮಡಚಿದ ಟವೆಲ್ ಮೇಲೆ ಇಡಿ. ಬೇಸಿಗೆಯಲ್ಲಿ ಕೆಳಗಿನ ಅರೆ ತಂಪು ಕೂಡ. ಆರ್‌ಸಿಸಿ ಮನೆಯಾದರೆ ಮೇಲಿನ ಅರೆ ಏಪ್ರಿಲ್ ಮಧ್ಯಾಹ್ನ ಕುಲುಮೆ.

ಅವ್ವನ ಉಸಿರಿನ ಸಂಕಟಕ್ಕೆ: ಹತ್ತಿಯಲ್ಲಿ ಗಾಳಿ ಆರಾಮಾಗಿ ಆಡುತ್ತೆ. ಇರುವೆ ಮೂಗಿನಿಂದ ಉಸಿರಾಡುವುದಿಲ್ಲ, ಮೈಯ ಪಕ್ಕದ ಸಣ್ಣ ತೂತುಗಳಿಂದ ಎಳೆದುಕೊಳ್ಳುತ್ತೆ. ಅದಕ್ಕೆ ಬೇಕಾಗುವುದು ಬಹಳ ಕಡಿಮೆ. ಹತ್ತಿ ಗಟ್ಟಿಯಾಗಿದೆ ಅಂತ ಬಿಚ್ಚಿ ಬಿಚ್ಚಿ ಹಾಕುವುದರಿಂದಲೇ ಹೆಚ್ಚು ತೊಂದರೆ. ಹಾಗೇ, ನೀರಿನ ಕಡೆಯ ಹತ್ತಿ ಕಂದು, ಕಪ್ಪು ಆಗಿದೆ ಅಂತ ಕೆಲವರು ಗಾಬರಿಯಾಗಿ ಗೂಡು ಬದಲಿಸುತ್ತಾರೆ. ಸಾಮಾನ್ಯವಾಗಿ ಅದರಿಂದ ಏನೂ ಆಗದು. ಮರಿಗಳ ಮೇಲೆ ಅಥವಾ ಊಟದ ಮೇಲೆ ಹತ್ತಿಯಂತೆ ಎದ್ದ ಬೂಷ್ಟು ಕಂಡರೆ ಮಾತ್ರ ಅವಸರ ಮಾಡಿ.

ಇರುವೆ ಮನೆ ಬದಲಿಸುವುದು ಮನುಷ್ಯರು ಬಾಡಿಗೆ ಮನೆ ಬದಲಿಸಿದ ಹಾಗೇ ಇರುತ್ತೆ ಎಂದರೆ ನೀವು ನಗಬಹುದು. ಮೊದಲು ಒಂದೋ ಎರಡೋ ಇರುವೆ ಹೋಗಿ ನೋಡಿ ಬರುತ್ತವೆ. ಕತ್ತಲಿದೆಯಾ, ಬಾಗಿಲು ಚಿಕ್ಕದಾ, ಪಸೆ ಇದೆಯಾ. ಹಿಡಿಸಿದರೆ ಇನ್ನೊಂದನ್ನು ಕರೆದುಕೊಂಡು ಹೋಗುತ್ತವೆ. ಹೊಟ್ಟೆ ಹೊನ್ನಿನ ಬಣ್ಣಕ್ಕಿರುವ ಒಂದು ಗೊದ್ದ ನಮ್ಮ ಕಡೆ ಬಯಲಿನಲ್ಲಿ ಕಾಣುತ್ತೆ. ಅದು ಮುಂದೆ ಒಂದು, ಹಿಂದೆ ಒಂದು, ಹಿಂದಿನದು ಮುಂದಿನದನ್ನು ಮೀಸೆಯಲ್ಲಿ ತಟ್ಟುತ್ತಾ ಜೋಡಿಯಾಗಿ ಹೋಗುತ್ತೆ. ಮುಂದಿನದಕ್ಕೆ ತಟ್ಟುವುದು ನಿಂತರೆ ಅದೂ ನಿಂತು ಕಾಯುತ್ತೆ. ಕೋಲ್ಕತ್ತದ ಐಸರ್ ಎಂಬ ವಿಜ್ಞಾನ ಸಂಸ್ಥೆಯಲ್ಲಿ ಡಯಾಕಾಮ ಅನ್ನುವ ಇನ್ನೊಂದು ಕಪ್ಪಿರುವೆಯ ಇಂಥದೇ ಜೋಡಿ ನಡಿಗೆಯನ್ನು ವರ್ಷಗಟ್ಟಲೆ ಅಭ್ಯಾಸ ಮಾಡಿದ್ದಾರೆ. ಯುರೋಪಿನ ಒಂದು ಪುಟಾಣಿ ಇರುವೆಯಲ್ಲಿ ವಿಜ್ಞಾನಿಗಳು ಇನ್ನೂ ಒಂದು ವಿಷಯ ಕಂಡರು. ಹೊಸ ಗೂಡಿನಲ್ಲಿ ನೋಡಲು ಬಂದವುಗಳ ಸಂಖ್ಯೆ ಒಂದು ಮಟ್ಟ ಮುಟ್ಟುವ ತನಕ ನಿಧಾನವಾಗಿ ಕರೆದುಕೊಂಡು ಬರುತ್ತವೆ. ಮುಟ್ಟಿದ ಮೇಲೆ ಕರೆಯುವುದಿಲ್ಲ, ಎತ್ತಿಕೊಂಡೇ ಓಡುತ್ತವೆ.

ಎತ್ತಿಕೊಂಡು ಹೋಗುವುದನ್ನು ನಿಮ್ಮ ಗೊದ್ದಗಳಲ್ಲೂ ಕಾಣುತ್ತೀರಿ. ರಾತ್ರಿ ಹತ್ತು, ಹನ್ನೊಂದರ ಮೇಲೆ ಮಗಳನ್ನು ಎಬ್ಬಿಸಿ ತೋರಿಸಿ, ನಾಳೆ ಶಾಲೆಗೆ ತಡ ಆದರೂ ಆಗಲಿ. ಒಂದು ಗೊದ್ದ ಇನ್ನೊಂದರ ದವಡೆ ಹಿಡಿಯುತ್ತೆ. ಹಿಡಿಸಿಕೊಂಡದ್ದು ಕಾಲು, ಮೀಸೆ ಎಲ್ಲ ಮಡಚಿ ಮುದ್ದೆಯಾಗಿ ತಲೆಯ ಕೆಳಗೆ ನೇತಾಡುತ್ತೆ. ಒದ್ದಾಟ ಇಲ್ಲ. ಸೂಟ್‌ಕೇಸ್ ಹಿಡಿದು ಹೋದ ಹಾಗೆ. ಆಮೇಲೆ ಕೋಶಗಳು, ಮರಿಗಳು. ಮೊಟ್ಟೆಗಳನ್ನು ಒಂದೊಂದಾಗಿ ಅಲ್ಲ, ಅಂಟಿಕೊಂಡ ಗುಪ್ಪೆಯಾಗಿ ಒಯ್ಯುತ್ತವೆ. ಇರುವೆ ಮೊಟ್ಟೆ ಕಚ್ಚಿಕೊಂಡು ಹೋದರೆ ಮಳೆ ಬರುತ್ತೆ ಅಂತೀವಲ್ಲ, ನಾವು ಮೊಟ್ಟೆ ಅಂದುಕೊಳ್ಳುವುದು ಹೆಚ್ಚಾಗಿ ಈ ಮರಿ, ಕೋಶಗಳನ್ನೇ. ಮೊಟ್ಟೆ ಅಷ್ಟು ದೂರಕ್ಕೆ ಕಣ್ಣಿಗೆ ಕಾಣುವಂಥದಲ್ಲ. ನನ್ನ ಟ್ಯೂಬುಗಳಲ್ಲಿ ರಾಣಿ ಹೊರಡುವುದು ಮರಿಗಳು ಅರ್ಧ ಹೋದ ಮೇಲೆ. ಅದಕ್ಕೂ ಸ್ವಲ್ಪ ಎಳೆದಾಟ ಇರುತ್ತೆ.

ತಟ್ಟಿ ಬೀಳಿಸಿದರೆ ಈ ನೋಡುವುದು, ಕರೆಯುವುದು, ಒಪ್ಪುವುದು ಯಾವುದೂ ನಡೆಯುವುದಿಲ್ಲ. ಗೊದ್ದಗಳ ಲೆಕ್ಕದಲ್ಲಿ ಅದು ಮನೆ ಬದಲಿಸಿದ್ದಲ್ಲ, ಮನೆ ಬಿದ್ದದ್ದು.

ಹಾಗಾದರೆ ನಿಮಗೆ ಇರುವ ದಾರಿ ಯಾವುವು? ಏನೂ ಮಾಡದೆ ಇರಬಹುದು. ಜೂನ್‌ನಲ್ಲಾದರೆ ನಾನು ಅದನ್ನೇ ಹೇಳುತ್ತಿದ್ದೆ, ಅರ್ಧ ಇಂಚು ನೀರಿಟ್ಟುಕೊಂಡು ಬೇಸಿಗೆಗೆ ಹೋಗಲು ಈಗ ಹೇಳಲಾರೆ. 12 ಕೋಣೆಗೆ ಈಗಲೇ ಬಿಡಬಹುದು. ನನ್ನ ಅಟ್ಟದ ಟ್ರೇ ಕತೆ ಮತ್ತೆ ಆಗಬಹುದು. ಅಕ್ರಿಲಿಕ್ ಗೂಡಿಗೆ ಪಸೆ ಕೊಡುವ ಸ್ಪಂಜು ನಮ್ಮ ಬೇಸಿಗೆಯಲ್ಲಿ ಎರಡು ಮೂರು ದಿನಕ್ಕೆ ಒಣಗುತ್ತೆ, ನೀವು ಊರಿಗೆ ಹೋದ ವಾರವೇ ಕೆಡುತ್ತೆ. ಗೊದ್ದಗಳನ್ನು ಫ್ರಿಜ್ಜಿನೊಳಗೆ ಹತ್ತು ನಿಮಿಷ ಇಟ್ಟು, ಮರಗಟ್ಟಿದಾಗ ಸುರಿಯುವವರೂ ಇದ್ದಾರೆ. ನಮ್ಮದು ಬಿಸಿಲುನಾಡಿನ ಇರುವೆ, ಹೊರಗೆ ತೆಗೆದಾಗ ಟ್ಯೂಬಿನೊಳಗೆ ಹನಿ ಕಟ್ಟಿ ಮರಿಗಳು ಅದರಲ್ಲಿ ಮುಳುಗಿದ್ದನ್ನು ಕಂಡಿದ್ದೇನೆ. ಬೇಡ. ಸುರಿಯುವುದು ಎರಡೇ ಸಂದರ್ಭಕ್ಕೆ: ಹತ್ತಿ ಸರಿದು ನೀರು ಒಳಗೆ ನುಗ್ಗಿದಾಗ, ಅಥವಾ ಬೂಷ್ಟು ಮರಿಗಳ ಮೇಲೇ ಹತ್ತಿದಾಗ. ಆಗಲೂ ಗೂಡಿಗೆ ನೇರವಾಗಿ ಸುರಿಯಬೇಡಿ. ಹತ್ತಿ ಬರದಂತೆ ಒಳ ಅಂಚಿಗೆ ಟಾಲ್ಕಂ ಪೌಡರ್ ಬಳಿದ ಡಬ್ಬಿಗೆ ಸುರಿದು, ಪಕ್ಕದಲ್ಲಿ ಕತ್ತಲು ಮಾಡಿದ ಹೊಸ ಟ್ಯೂಬ್ ಇಟ್ಟು, ಅವೇ ಹೊಕ್ಕಲು ಬಿಡಿ.

ನಿಮ್ಮ ಜಾಗದಲ್ಲಿ ನಾನಿದ್ದರೆ ಇನ್ನೊಂದು ಟ್ಯೂಬ್ ಕೊಡುತ್ತಿದ್ದೆ. ಅಷ್ಟೆ. ಶಾಲೆ ಕಾಲೇಜಿಗೆ ಲ್ಯಾಬ್ ಸಾಮಾನು ಮಾರುವ ಅಂಗಡಿಯಲ್ಲಿ 25 ಮಿಲಿಮೀಟರ್ ಅಗಲದ, ಎಂಟು ಇಂಚಿನ ಟ್ಯೂಬ್ ಕೇಳಿ. ಹತ್ತಿ ಮೆಡಿಕಲ್ ಶಾಪಿನ ಸರ್ಜಿಕಲ್ ಹತ್ತಿಯೇ ಆಗಬೇಕು, ಹಾಸಿಗೆ ಹತ್ತಿ ನೀರು ಹೀರುವುದಿಲ್ಲ. ಹತ್ತಿ ಮಿಲ್ಲುಗಳ ಊರಿನಲ್ಲಿ ಹುಟ್ಟಿ ಬೆಳೆದ ನಾನು ಇದನ್ನು ಕಲಿತದ್ದು ಒಂದು ರಾಣಿಯನ್ನು ಕಳೆದುಕೊಂಡ ಮೇಲೆ. ನೀರು ಬೋರ್‌ವೆಲ್‌ನದು ಬೇಡ. ನಮ್ಮ ಕಡೆಯ ಗಡಸು ನೀರಿನಲ್ಲಿ ಹತ್ತಿಯ ಮೇಲೆ ಬಿಳಿ ಉಪ್ಪು ಕಟ್ಟುತ್ತೆ. ಕುಡಿಯುವ ಫಿಲ್ಟರ್ ನೀರು ಸಾಕು. ಮೂರನೇ ಒಂದು ಭಾಗ ತುಂಬಿ, ಪೆನ್ಸಿಲ್ ಹಿಂಬದಿಯಿಂದ ಹತ್ತಿಯನ್ನು ಒತ್ತಿ, ನೀರಿಗೆ ತಾಗಿ ಒದ್ದೆ ಆದ ತಕ್ಷಣ ನಿಲ್ಲಿಸಿ. ಒಂದು ರಾತ್ರಿ ಮಲಗಿಸಿ ಇಟ್ಟು ಸೋರುತ್ತಾ ನೋಡಿ.

ಮಾರನೇ ಸಂಜೆ ಗೊದ್ದಗಳಿಗೆ ಹೊಟ್ಟೆ ತುಂಬ ಊಟ ಕೊಡಿ. ತಿಂದು ಮುಗಿಸಿದ ಮೇಲೆ ಹಳೆ ಟ್ಯೂಬಿನ ಬಾಯಿಯ ಹತ್ತಿ ತೆಗೆದು, ಆ ಬಾಯಿಯನ್ನು ದೊಡ್ಡ ಟ್ಯೂಬಿನ ಬಾಯೊಳಗೆ ಕೂರಿಸಿ. 16 ಮಿಲಿಮೀಟರಿನದು 25ರದೊಳಗೆ ಸಲೀಸಾಗಿ ಹೋಗುತ್ತೆ, ಸುತ್ತ ಉಳಿದ ಸಂದಿಗೆ ಹತ್ತಿ ತುರುಕಿ. ಇದನ್ನು ಒಬ್ಬರೇ ಮಾಡಬೇಡಿ, ಮಗಳು ಒಂದನ್ನು ಹಿಡಿಯಲಿ. ಎರಡನ್ನೂ ಒಂದು ರಟ್ಟಿನ ಮೇಲೆ ಟೇಪ್ ಹಾಕಿ ಅಲುಗದ ಹಾಗೆ ಕಟ್ಟಿ. ಹೊಸದಕ್ಕೆ ಕಪ್ಪು ಕಾಗದ ಸುತ್ತಿ, ಹಳೆಯದನ್ನು ಏನೂ ಸುತ್ತದೆ ಬೆಳಕಿಗೆ ಬಿಡಿ. ರೂಮಿನ ಲೈಟು ಸಾಕು. ಬಿಸಿಲಿಗೆ ಮಾತ್ರ ಇಡಬೇಡಿ. ಕಿಟಕಿಯ ಬಿಸಿಲಿನಲ್ಲಿ ಗಾಜಿನ ಟ್ಯೂಬ್ ಕೆಲವೇ ನಿಮಿಷದಲ್ಲಿ ಕಾದು ಒಳಗಿನವು ಬೆಂದುಹೋಗುತ್ತವೆ. ಆಮೇಲೆ ನಿಮ್ಮ ಕೆಲಸ ಕಾಯುವುದು. ಕೆಲವು ಸಂಸಾರ ಅದೇ ರಾತ್ರಿ ಹೋಗುತ್ತವೆ. ಕೆಲವು ನಾಲ್ಕು ದಿನ ನೋಡುತ್ತವೆ, ಹೋಗುತ್ತವೆ, ವಾಪಸ್ ಬರುತ್ತವೆ, ಹಟ ಮಾಡುತ್ತವೆ. ಹಳೆಯದರಲ್ಲಿ ಪಸೆ ಇರುವ ತನಕ ಅವಸರ ಇಲ್ಲ. ಒಣಗುತ್ತಾ ಬಂದ ಹಾಗೆ ಅವೇ ಹೊರಡುತ್ತವೆ. ಮೂರನೇ ದಿನವೂ ಅಲ್ಲೇ ಇದ್ದರೆ ಹಸಿವಾಗದ ಹಾಗೆ ತುರುಕಿದ ಹತ್ತಿಯನ್ನು ಚೂರು ಸರಿಸಿ, ಕಡ್ಡಿಯ ತುದಿಯಲ್ಲಿ ಜೇನು ನೀರು ಮುಟ್ಟಿಸಿ ಮತ್ತೆ ಮುಚ್ಚಿ.

12 ಕೋಣೆಯ ಗೂಡನ್ನು ವಾಪಸ್ ಮಾಡಬೇಡಿ, ಭಾಮೈದನಿಗೂ ಬೇಜಾರಾಗುತ್ತೆ. ಮುಚ್ಚಳ ತೆಗೆದು ಒಂದು ವಾರ ಗಾಳಿಗೆ ಇಟ್ಟು ಗಮ್ಮಿನ ವಾಸನೆ ಹೋಗಲಿ. ಮಳೆ ಹಿಡಿದು, ಗೊದ್ದಗಳು 70, 80 ಆಗಿ, ದಪ್ಪ ತಲೆಯ ದೊಡ್ಡ ಕೆಲಸಗಾರರು ಒಂದೆರಡು ಕಾಣಿಸಿಕೊಂಡಾಗ ತೆಗೆಯಿರಿ. ಆಗಲೂ ಬಾಗಿಲಿಗೆ ಹತ್ತಿರದ, ಪಸೆ ಇರುವ ಎರಡೇ ಕೋಣೆ ತೆರೆದು ಉಳಿದ ಹತ್ತಕ್ಕೂ ಹತ್ತಿ ತುಂಬಿಡಿ. ಮಧ್ಯಾಹ್ನ ಕೂತಾಗ ಕೋಣೆಯ ನೆಲ ಮುಕ್ಕಾಲು ಪಾಲು ಮುಚ್ಚುವಷ್ಟಾದರೆ ಮೂರನೆಯದರ ಹತ್ತಿ ತೆಗೆಯಿರಿ. ಒಳಗೆ ಕಸ ಸೇರತೊಡಗಿದರೆ ನೀವು ಆತುರ ಮಾಡಿದಿರಿ ಅಂತ ಅರ್ಥ, ಮತ್ತೆ ಮುಚ್ಚಿ. ಮೇಲೆ ಕೆಂಪು ಹಾಳೆ ಅಂಟಿಸಿದರೆ ನಿಮಗೆ ಕಾಣುತ್ತೆ, ಅವಕ್ಕೆ ಕತ್ತಲೆಯೇ. ಹೆಚ್ಚಿನ ಇರುವೆಗಳ ಕಣ್ಣಿಗೆ ಕೆಂಪು ಸರಿಯಾಗಿ ಕಾಣುವುದಿಲ್ಲ.

ಇನ್ನೊಂದು ರಾಣಿ? ಖಂಡಿತ ಬೇಡ. ಈ ಗೊದ್ದಗಳದು ಒಂದೇ ರಾಣಿಯ ಸಂಸಾರ. ಎರಡನೆಯದನ್ನು ಬಿಟ್ಟರೆ ಕೆಲಸಗಾರರು ಅದನ್ನು ಕೈಕಾಲು ಎಳೆದು ಕೊಲ್ಲುತ್ತವೆ. ಇರುವ ರಾಣಿ ಹಾರಿದ ದಿನವೇ ಗಂಡಿನ ಬೀಜ ಹೊಟ್ಟೆಯಲ್ಲಿ ಕೂಡಿಟ್ಟುಕೊಂಡಿದೆ, ಬದುಕಿಡೀ ಅದೇ ಸಾಕು. ಲೇಸಿಯಸ್ ನೈಜರ್ ಅನ್ನುವ ಯುರೋಪಿನ ಕಪ್ಪಿರುವೆಯ ಒಂದು ರಾಣಿ ಸಾಕಿದವರ ಹತ್ತಿರ 28 ವರ್ಷ ದಾಟಿ ಬದುಕಿತ್ತು. ಭಾಮೈದ ಆನ್‌ಲೈನ್‌ನಲ್ಲಿ ಬೇರೆ ದೇಶದ ರಾಣಿ ಹುಡುಕುತ್ತಿದ್ದರೆ ಅದನ್ನೂ ನಿಲ್ಲಿಸಿ. 2025ರಲ್ಲಿ ಕೀನ್ಯಾದಲ್ಲಿ ಇಬ್ಬರು ಬೆಲ್ಜಿಯಂ ಹುಡುಗರು ಸುಮಾರು 5,000 ರಾಣಿ ಇರುವೆಗಳನ್ನು ಟ್ಯೂಬುಗಳಲ್ಲಿ ತುಂಬಿಕೊಂಡು ಸಿಕ್ಕಿಬಿದ್ದು ಕೋರ್ಟಿನಲ್ಲಿ ದಂಡ ಕಟ್ಟಿದರು. ಮಾರಾಟಕ್ಕೆ ಬರುವ ಪರದೇಶಿ ಇರುವೆಗಳ ಹಿಂದೆ ಇಂಥ ಕತೆ ಇರಬಹುದು.

ಅಡುಗೆಮನೆಯ ಭಯಕ್ಕೆ ಅವ್ವನ ಹತ್ತಿರವೇ ಮದ್ದಿದೆ. ಹಾಲಿನ ಪಾತ್ರೆಯನ್ನು ನೀರಿನ ತಟ್ಟೆಯಲ್ಲಿ ಇಡುತ್ತಾರಲ್ಲ, ಟ್ಯೂಬನ್ನು ಒಂದು ಡಬ್ಬಿಯಲ್ಲಿಟ್ಟು ಆ ಡಬ್ಬಿಯನ್ನೂ ಹಾಗೇ ಇಡಿ. ಇದು ಗೊದ್ದ ಹೊರಗೆ ಬರದಂತೆ ಎಷ್ಟು ತಡೆಯುತ್ತೋ, ಮನೆಯ ಸಣ್ಣ ಇರುವೆಗಳು ಒಳಗೆ ನುಗ್ಗಿ ನಿಮ್ಮ ಮರಿಗಳನ್ನು ಹೊತ್ತೊಯ್ಯದಂತೆಯೂ ಅಷ್ಟೇ ತಡೆಯುತ್ತೆ. ಡಬ್ಬಿಯ ಒಳ ಅಂಚಿಗೆ ಸ್ಪಿರಿಟ್‌ನಲ್ಲಿ ಕಲಸಿದ ಟಾಲ್ಕಂ ಪೌಡರ್ ಬಳಿದು ಒಣಗಿಸಿದರೆ ಕಾಲು ಜಾರುತ್ತೆ. ಮಳೆಗಾಲದಲ್ಲಿ ಅದು ಉದುರುತ್ತೆ, ಮತ್ತೆ ಬಳಿಯಬೇಕು. ವ್ಯಾಸಲಿನ್ ಬೇಡ. ಒಂದು ಮೇ ತಿಂಗಳಲ್ಲಿ ಅದು ಕರಗಿ ಇಳಿದು, ನನ್ನ ಗೊದ್ದಗಳು ಮಂಡಕ್ಕಿ ಡಬ್ಬಿಯಲ್ಲಿ ಸಿಕ್ಕವು. ಆವತ್ತು ಮನೆಯಲ್ಲಿ ಕೇಳಿದ ಮಾತು ಇಲ್ಲಿ ಬರೆಯುವ ಹಾಗಿಲ್ಲ.

ಅವ್ವ ಹೆದರಿ ಇರುವೆ ಚಾಕ್ ಗೆರೆ ಎಳೆಯದ ಹಾಗೆ ನೋಡಿಕೊಳ್ಳಿ. ಅದು ಇರುವೆ ಕೊಲ್ಲಲೆಂದೇ ಮಾಡಿದ ವಿಷ, ಅದನ್ನು ಮುಟ್ಟಿದ ಕೈಯಲ್ಲಿ ಟ್ಯೂಬಿನ ಹತ್ತಿ ಮುಟ್ಟಿದರೂ ಸಾಕು. ಸೊಳ್ಳೆ ಲಿಕ್ವಿಡ್ ಹಾಕುವ ರೂಮಿನಲ್ಲೂ ಟ್ಯೂಬ್ ಬೇಡ. ಊಟಕ್ಕೆಂದು ಹೊಲದ ಹುಳ ತರುವಾಗ ಮೆಕ್ಕೆಜೋಳದ ಕಡೆ ಹೋಗಬೇಡಿ. 2018ರಲ್ಲಿ ಸೈನಿಕ ಹುಳು ಬಂದ ಮೇಲೆ ಅಲ್ಲಿ ಔಷಧಿ ಹೊಡೆಯದ ಹೊಲ ಸಿಗುವುದು ಕಷ್ಟ. ಮನೆಯ ಹಿತ್ತಲಿನ ಮಿಡತೆ ಸಾಕು, ಕುದಿನೀರಿನಲ್ಲಿ ಅದ್ದಿ ಆರಿಸಿ ಕೊಡಿ.

ಸಂಸಾರವೆಲ್ಲ ಹೊಸ ಟ್ಯೂಬಿಗೆ ಹೋದ ಮೇಲೂ ಎರಡು ಮೂರು ಗೊದ್ದ ಹಳೆಯದಕ್ಕೆ ಹೋಗಿ ಬರುತ್ತಿದ್ದರೆ, ಅವುಗಳ ಬಾಯಲ್ಲಿ ಏನಿದೆ ನೋಡಿ. ಹುಳದ ಕಾಲು, ಖಾಲಿ ಕೋಶದ ಸಿಪ್ಪೆ ಇದ್ದರೆ ಹಳೆ ಮನೆ ತಿಪ್ಪೆ ಆಗಿದೆ, ಆ ಟ್ಯೂಬ್ ಬಿಡಿಸಿ ತೊಳೆದಿಡಿ. ಮರಿ ಇದ್ದರೆ ಇನ್ನೂ ಎರಡು ದಿನ ಮುಟ್ಟಬೇಡಿ.